ಕರೆಂಟ್ ಕೊಡಲಿಲ್ಲವೇಕೆ?

ಮೆಟ್ಟೂರು ಎಂದೊಡನೆ ನೆನಪಾಗುವುದು 1934ರಲ್ಲಿ ಪೂರ್ಣಗೊಂಡ ಕಾವೇರಿಯ ಅಣೆಕಟ್ಟು. ಅದರ ಆಸುಪಾಸಿನಲ್ಲಿ, ಸೇಲಂ-ಧರ್ಮಪುರಿ ಜಿಲ್ಲೆಗಳಲ್ಲಿ, ಮನೆಯೊಳಗೆ ಕನ್ನಡವಾಡುವ ಕುಟುಂಬಗಳು ಇಂದಿಗೂ ಇವೆ. 1956ರ ನವೆಂಬರ್ 1ರಂದು ನೆರೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಮೆಟ್ಟೂರು ಮದರಾಸಿನಲ್ಲೇ ಉಳಿಯಿತು. ಅದೇ ದಿನ ಕೇರಳಕ್ಕೆ ಸೇರಿದ ಕಾಸರಗೋಡಿನವರಾದ ನಮಗೆ ಅವರ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಚೇರಿಯಲ್ಲಿ ಭಾಷೆಯ ತೊಡಕನ್ನು ಹೇಗೋ ದಾಟಬಹುದು; ಆಸ್ಪತ್ರೆಯಲ್ಲಿ ಅದು ಪ್ರಾಣಕ್ಕೇ ಬರುತ್ತದೆ.

ಒಂದು ಉದಾಹರಣೆ ಸಾಕು. ವಿಕಿರಣ ಚಿಕಿತ್ಸೆಗೆ ಜನರಿಟ್ಟ ಹೆಸರು 'ಕರೆಂಟ್ ಕೊಡುವುದು'. ಗರ್ಭಕೊರಳಿನ ಕ್ಯಾನ್ಸರಿಗೆ ಅದು ಇಂದಿಗೂ ಮುಖ್ಯ ಚಿಕಿತ್ಸೆಗಳಲ್ಲಿ ಒಂದು. ಅಂಡಾಶಯದ ಕ್ಯಾನ್ಸರಿನ ಮಾತು ಬೇರೆ. ಆದರೆ ಮನೆಯವರ ಬಾಯಲ್ಲಿ ಎರಡೂ 'ಗರ್ಭಕೋಶದ ಗಡ್ಡೆ'ಯೇ. ಆದುದರಿಂದಲೇ ಆಪರೇಷನ್ ಆದ ಬಳಿಕ, "ಪಕ್ಕದ ಮನೆಯಾಕೆಗೆ ಕರೆಂಟ್ ಕೊಟ್ಟರು, ನಮ್ಮ ಅಮ್ಮನಿಗೇಕೆ ಇಲ್ಲ? ಕೈಬಿಟ್ಟರೇ?" ಎಂಬ ದಿಗಿಲು.

ಕೈಬಿಟ್ಟದ್ದಲ್ಲ. ಅಂಡಾಶಯದ ರೋಗಕಣಗಳು ಹೊಟ್ಟೆಯೊಳಗೆಲ್ಲ ಉದುರಿ ಹರಡುವಂಥವು. ಇಡೀ ಹೊಟ್ಟೆಗೆ ಸಾಕಷ್ಟು ವಿಕಿರಣ ಹಾಯಿಸಿದರೆ ಕರುಳು, ಯಕೃತ್ತು, ಮೂತ್ರಪಿಂಡಗಳು ತಾಳಲಾರವು. ಅವು ತಾಳುವಷ್ಟೇ ಕೊಟ್ಟರೆ ರೋಗ ಅಡಗದು. ಹಿಂದೆ ಆ ಕ್ರಮ ರೂಢಿಯಲ್ಲಿತ್ತು. 1978ರಲ್ಲಿ ಅಮೆರಿಕದಲ್ಲಿ ಸಿಸ್‌ಪ್ಲಾಟಿನ್ ಔಷಧಕ್ಕೆ ಒಪ್ಪಿಗೆ ದೊರೆತ ಮೇಲೆ ಔಷಧಗಳೇ ಮುಂದಾದವು. ಇಂದು ಶಸ್ತ್ರಚಿಕಿತ್ಸೆಯ ಜೊತೆಗೆ ಸಾಮಾನ್ಯವಾಗಿ ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್‌ಗಳ ಕೀಮೋ ಕೊಡುತ್ತಾರೆ. ಮೂರು ವಾರಕ್ಕೊಮ್ಮೆ, ಹೆಚ್ಚಾಗಿ ಆರು ಸಲ. ತೀರ ಆರಂಭದಲ್ಲೇ ಪತ್ತೆಯಾದ ಕೆಲವರಿಗೆ ಅದೂ ಬೇಡವಾಗಬಹುದು. ವಿಕಿರಣ ಉಳಿದಿರುವುದು ಒಂದೇ ಕಡೆ ಮರುಕಳಿಸಿದ ಗಡ್ಡೆಗೆ, ನೋವು-ರಕ್ತಸ್ರಾವದ ಶಮನಕ್ಕೆ.

ಕನ್ನಡದಲ್ಲಿ ಇದು ಐದು ನಿಮಿಷದ ಮಾತು. ಅದು ತಿಳಿಯದೆ ಕರೆಂಟ್ ಅರಸಿಕೊಂಡು ಊರೂರು ಅಲೆದರೆ, ಅಥವಾ ಕೂದಲು ಉದುರಿತೆಂದು ಹೆದರಿ ಮೂರನೆಯ ಕೀಮೋಗೇ ನಿಲ್ಲಿಸಿಬಿಟ್ಟರೆ, ನಷ್ಟ ಯಾರದು?

ಅನುಕೂಲವಿದ್ದರೆ ಅವರು ಬೆಂಗಳೂರಿನ ಕಿದ್ವಾಯಿಗೂ ನಾವು ಮಂಗಳೂರಿಗೂ ಓಡಬಹುದು. ಬಡವರು ಹತ್ತಿರದ ಆಸ್ಪತ್ರೆಯನ್ನೇ ನೆಚ್ಚಬೇಕು. ಅಹವಾಲನ್ನು ನಮ್ಮ ಭಾಷೆಯಲ್ಲೇ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಸ್ವಂತ ಮೈಯ ರೋಗವನ್ನು ಅರಿಯುವ ಹಕ್ಕು ಅದಕ್ಕಿಂತ ಕಿರಿದೇ? ಅಲ್ಪಸಂಖ್ಯಾತರಿರುವ ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಕನ್ನಡದ ತಿಳಿವಳಿಕೆ ಪತ್ರ, ಕನ್ನಡ ಬಲ್ಲ ಒಬ್ಬ ದಾದಿ, ಇಷ್ಟನ್ನು ಎರಡೂ ಸರಕಾರಗಳು ಒದಗಿಸಲೇಬೇಕು.

ಅಲ್ಲಿಯವರೆಗೆ ನಮ್ಮ ಕೈಲಾದುದೂ ಒಂದಿದೆ. ಯಾವ ಅಂಗ, ಯಾವ ಹಂತ, ಎಷ್ಟು ಕೀಮೋ ಎಂದು ವೈದ್ಯರಲ್ಲಿ ಕೇಳಿ ಬರೆದುಕೊಳ್ಳಿ. ಬರೆದುದನ್ನು ಗಂಡಸರು ಜೇಬಿನಲ್ಲಿಡದೆ, ಮಂಚದ ಮೇಲಿರುವ ಆಕೆಗೇ ಓದಿ ಹೇಳಿ.