ತಾರಸಿಯ ತಾಪವೂ ಸರ್ಕಾರದ ಸಂಹಿತೆಯೂ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಖರ್ಚಿನ ಎಚ್ಚರಿಕೆ ಹೇಳುತ್ತದೆಯೇ ಹೊರತು, ಕಟ್ಟಿದ ಮನೆಯಲ್ಲಿ ವೈಶಾಖದ ರಾತ್ರಿಗಳನ್ನು ಕಳೆಯುವ ಬಗೆಯನ್ನು ಹೇಳುವುದಿಲ್ಲ. ಆ ಕಾಲಕ್ಕೆ ಅದು ಇಷ್ಟು ದೊಡ್ಡ ಪ್ರಶ್ನೆಯೂ ಆಗಿರಲಿಲ್ಲ. ಕಲಬುರ್ಗಿ, ವಿಜಯಪುರ, ರಾಯಚೂರು ಸೀಮೆಯಲ್ಲಿ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಅದರ ನಡುವೆ ಬೆಳಕಿಂಡಿ ಇದ್ದವು. ಹಗಲಿನ ಕಾವು ಒಳಗಿಳಿಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಇಂದಿನ ಐದಂಗುಲದ ಕಾಂಕ್ರೀಟ್ ತಾರಸಿಯಾದರೋ ಹಗಲೆಲ್ಲ ಕಾದು, ಆ ಕಾವನ್ನು ರಾತ್ರಿ ಮಲಗಿದವರ ಮೇಲೆ ಸುರಿಯುತ್ತದೆ. ಫ್ಯಾನು ಅದನ್ನೇ ತಿರುಗಿಸುತ್ತದೆ. ಕೊನೆಗೆ ಸಾಲ ಮಾಡಿಯಾದರೂ ಎ.ಸಿ. ತರುತ್ತೇವೆ, ಅದಕ್ಕೆ ಬೇಕಾದ ವಿದ್ಯುತ್ತಿಗಾಗಿ ಶಕ್ತಿನಗರದಂಥ ಕಡೆ ಕಲ್ಲಿದ್ದಲು ಉರಿಯುತ್ತದೆ.

ಭಾರತ ಸರ್ಕಾರ ಇದನ್ನು ಅರಿಯದೆ ಕುಳಿತಿಲ್ಲ. ವಾಸದ ಮನೆಗಳಿಗಾಗಿಯೇ 2018ರ ಡಿಸೆಂಬರಿನಲ್ಲಿ 'ಇಕೋ ನಿವಾಸ್ ಸಂಹಿತಾ' ಎಂಬ ನಿಯಮಾವಳಿಯನ್ನು ಹೊರಡಿಸಿತು. ಗೋಡೆ-ಕಿಟಕಿಗಳ ಮೂಲಕ ಒಳಬರುವ ಶಾಖವು ಚದರ ಮೀಟರಿಗೆ ಸರಾಸರಿ 15 ವ್ಯಾಟ್ ಮೀರಬಾರದು; ಚಾವಣಿಗೂ ಮಿತಿಯುಂಟು. ಕರಾವಳಿಯಂಥ ಸೆಕೆಯ ಸೀಮೆಯಲ್ಲಿ ಗಾಳಿಗೆ ತೆರೆಯುವ ಕಿಟಕಿ, ಬಾಗಿಲು, ಗವಾಕ್ಷಗಳು ನೆಲದ ಆರನೆಯ ಒಂದು ಪಾಲಿನಷ್ಟಿರಬೇಕು. 600 ಚದರಡಿಯ ಮನೆಗೆ 100 ಚದರಡಿ ಎಂದಾಯಿತು. ಹಳೆಯ ಉಪ್ಪಾರರು ಈ ಮಾತನ್ನು ಕೇಳಿದ್ದರೆ ತಲೆದೂಗುತ್ತಿದ್ದರು.

ಆದರೆ ಈ ಸಂಹಿತೆ ಯಾರ ಮನೆಗೆ? ಹೊರಟಾಗ ಅದು ಹಿಡಿದದ್ದು 500 ಚದರ ಮೀಟರ್ ಮತ್ತು ಮೇಲ್ಪಟ್ಟ ನಿವೇಶನಗಳನ್ನು, ಅಂದರೆ ಮೂವತ್ತು-ನಲವತ್ತರ ನಾಲ್ಕು ನಿವೇಶನಗಳಿಗೂ ದೊಡ್ಡದಾದುದನ್ನು. 2022ರಲ್ಲಿ ತಿದ್ದುಪಡಿಯಾದ ಇಂಧನ ಸಂರಕ್ಷಣಾ ಕಾಯ್ದೆಯು ವಾಸದ ಕಟ್ಟಡಗಳನ್ನೂ ಒಳಕ್ಕೆ ತಂದಿತಾದರೂ 100 ಕಿಲೋವ್ಯಾಟ್ ವಿದ್ಯುತ್ ಹೊರೆಯ ಗೆರೆಯನ್ನೆಳೆಯಿತು. ನಮ್ಮ ನಿಮ್ಮ ಮನೆಯ ಮೀಟರು ಮೂರೋ ಐದೋ ಕಿಲೋವ್ಯಾಟಿನದು. ಗೆರೆಯನ್ನು ತಗ್ಗಿಸುವ ಅಧಿಕಾರವನ್ನು ಕಾಯ್ದೆಯು ರಾಜ್ಯಗಳಿಗೆ ಕೊಟ್ಟಿದೆ, ನಿಜ. ಆದರೂ ಬಡಾವಣೆಗಳಲ್ಲಿ ಸಾಲುಸಾಲಾಗಿ ಏಳುವ ಸಣ್ಣ ಮನೆಗಳನ್ನು ಬಿಟ್ಟು ಊರನ್ನು ತಂಪಾಗಿಸುವ ಬಗೆ ನನಗಂತೂ ತಿಳಿಯದು.

ಬಡವರ ಮನೆಗಳ ಮಾತು ಇನ್ನೂ ಮುಖ್ಯ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಅತಿ ದುರ್ಬಲ ವರ್ಗಕ್ಕೆ 30 ಚದರ ಮೀಟರಿನ ಮನೆ. 2024ರ ಆಗಸ್ಟಿನಲ್ಲಿ ನಗರಗಳ ಇನ್ನೂ ಒಂದು ಕೋಟಿ ಕುಟುಂಬಗಳಿಗೆಂದು ಎರಡನೆಯ ಹಂತಕ್ಕೆ ಒಪ್ಪಿಗೆ ದೊರೆಯಿತು. ಅಷ್ಟು ಚಿಕ್ಕ ಮನೆಯಲ್ಲಿ ಚಾವಣಿ ಕಾದರೆ ಸರಿದು ಮಲಗಲು ಬೇರೆ ಕೋಣೆಯೂ ಇರದು. ಹಸುಗೂಸು, ಬಾಣಂತಿ, ಮುದುಕರು ಅಲ್ಲಿಯೇ ಬೇಯಬೇಕು.

ಇನ್ನು ಸಿಮೆಂಟು. ಸೇಡಂ, ವಾಡಿ, ಮಳಖೇಡಗಳ ಕಾರ್ಖಾನೆಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೀರಿ. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿಯ ಕುಲುಮೆಯಲ್ಲಿ ಸುಡುವಾಗ ಹೊರಬೀಳುವ ಇಂಗಾಲಾಮ್ಲದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಕಲ್ಲಿನೊಳಗಿನದೇ, ಉರುವಲಿನದಲ್ಲ. ಆದುದರಿಂದ ಉರುವಲು ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಸಿಮೆಂಟಿನ ಬಳಕೆಯೇ ತಗ್ಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಈ ದಿಸೆಯಲ್ಲಿ ದುಡಿದರು. ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ನೀರುಣಿಸಿ ಹದಗೊಳಿಸುವ ಇಟ್ಟಿಗೆಯನ್ನು ಬಳಕೆಗೆ ತಂದರು. ಅದರಿಂದ ಕಟ್ಟಿದ ಮನೆಗಳು ಬೆಂಗಳೂರಿನಲ್ಲಿ ಚೆನ್ನಾಗಿಯೇ ನಿಂತಿವೆ. ನಮ್ಮ ಕಡೆ ಮಾತ್ರ ಮಣ್ಣಿನ ಮನೆಯೆಂದರೆ ಬೀಗರ ಮುಂದೆ ಸಂಕೋಚ!

ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿಯ ನೀತಿಯನ್ನು ಜಾರಿಗೆ ತಂದು, ಸರ್ಕಾರಿ ವಸತಿಗೂ ದೊಡ್ಡ ಕಟ್ಟಡಗಳಿಗೂ ಅದನ್ನು ಕಡ್ಡಾಯ ಮಾಡಿತು. ಬಿಸಿಲನ್ನು ಹಿಂದಿರುಗಿಸುವ ಬಿಳಿಯ ಲೇಪ, ಅಷ್ಟೇ. ಒಳಗಿನ ಕಾವು ಎರಡರಿಂದ ಐದು ಡಿಗ್ರಿಯಷ್ಟು ಇಳಿಯುವುದುಂಟು. ನಮ್ಮ ವಿದ್ಯಾರ್ಥಿನಿಲಯಗಳ ಮೇಲ್ಮಹಡಿಯ ಹುಡುಗರು ಪರೀಕ್ಷೆಯ ದಿನಗಳಲ್ಲಿ ಚಾಪೆ ಹಿಡಿದು ಬಯಲಿಗೆ ಬರುವುದನ್ನು ಆಡಳಿತ ಮಂಡಳಿಯವರು ಕಂಡಿಲ್ಲವೇ? ದಾನಿಗಳ ಹೆಸರು ಕೆತ್ತಿಸಲು ಗ್ರಾನೈಟ್ ತರಿಸುವವರಿಗೆ ನಾಲ್ಕು ಚೀಲ ಸುಣ್ಣ ಭಾರವಾಗದು. ಮಳೆಗೆ ಅದು ತೊಳೆದುಹೋಗುತ್ತದೆ; ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಶಿವರಾತ್ರಿಯ ಹೊತ್ತಿಗೆ ಹಚ್ಚಿ ಮುಗಿಸಿದರೆ ಬೇಸಗೆಯುದ್ದಕ್ಕೂ ಒದಗುತ್ತದೆ.