ಮದರಾಸಿನ ಮರಳು, ಬಳ್ಳಾರಿಯ ಬಳಪ

ಮೈಲಾಪೂರಿನ ಮಾಡ ಬೀದಿಗಳಲ್ಲಿ ಹಳೆಯ ಮನೆಗಳು ಒಂದೊಂದಾಗಿ ಉರುಳಿ, ಅವುಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಎದ್ದಿವೆ. ಆದರೂ ಅಲ್ಲೊಂದು ಇಲ್ಲೊಂದು ಮನೆಯ ಮುಂದೆ ಜಗಲಿ ಉಳಿದಿದೆ. ತಮಿಳರು ಅದನ್ನು ತಿಣ್ಣೈ ಎನ್ನುತ್ತಾರೆ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಮಕ್ಕಳು ಅಕ್ಷರ ಕಲಿಯುತ್ತಿದ್ದುದು ಇಂತಹ ಜಗಲಿಗಳ ಮೇಲೆಯೇ. ನಮ್ಮ ಕಡೆಯ ಕೂಲಿಮಠಗಳೂ ಇದೇ ಕುಲಕ್ಕೆ ಸೇರಿದವು.

ಇಲ್ಲಿ ನೆಲೆಸಿದ ಕನ್ನಡಿಗರು ನಾಲ್ವರು ಸೇರಿದರೆ ಮಕ್ಕಳ ಕನ್ನಡದ ಮಾತು ಬಂದೇ ಬರುತ್ತದೆ. ಮನೆಯಲ್ಲಿ ಕನ್ನಡ ಮಾತನಾಡುವ ಮಗುವಿಗೆ ಅಜ್ಜಿಯ ಹಳೆಯ ಕಾಗದವನ್ನು ಓದಲು ಬಾರದು. ಆಗ ಯಾರಾದರೊಬ್ಬರು "ಅಕ್ಷರ ಕಲಿಸಲು ಯಾವ ಆ್ಯಪ್ ಒಳ್ಳೆಯದು?" ಎಂದು ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಆದರೆ ಎರಡನೆಯದಾಗಿ ಕೇಳಬೇಕಾದುದನ್ನು ನಾವು ಮೊದಲು ಕೇಳುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಮೊದಲು ಕೇಳಬೇಕಾದುದು, ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರು ಎಂಬುದು. ಈ ಪಾಠವನ್ನು ಜಗತ್ತಿಗೆ ಕಲಿಸಿದ ಊರೇ ನಮ್ಮ ಈ ಮದರಾಸು.

ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ 1789ರಲ್ಲಿ ಎಗ್ಮೋರಿನ ಸೈನಿಕ ಅನಾಥ ಬಾಲಕರ ಆಶ್ರಮದ ಮೇಲ್ವಿಚಾರಣೆ ವಹಿಸಿಕೊಂಡರು. ಒಂದು ಮುಂಜಾನೆ ಕುದುರೆಯೇರಿ ಹೋಗುತ್ತಿದ್ದಾಗ, ದೇಶೀ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನು ಕಂಡರು. ತಮ್ಮ ಶಾಲೆಯಲ್ಲಿಯೂ ಹಾಗೆ ಮಾಡಿಸಲು ಹೊರಟರೆ, ಕೆಳತರಗತಿಯ ಸಹಾಯಕ ಉಪಾಧ್ಯಾಯರು ಅದು ಆಗದ ಕೆಲಸವೆಂದರು. ಆಗ ಬೆಲ್ ಅದನ್ನು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಬಾಲಕನಿಗೆ ಒಪ್ಪಿಸಿದರು. ದೊಡ್ಡವರಿಂದ ಆಗದ್ದು ಆ ಹುಡುಗನಿಂದ ಆಯಿತು. 1797ರಲ್ಲಿ ಬೆಲ್ ಈ ಪ್ರಯೋಗದ ವೃತ್ತಾಂತವನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಬಲ್ಲ ಮಗು ಬಾರದ ಮಗುವಿಗೆ ಕಲಿಸುವ ಈ ಕ್ರಮ "ಮದರಾಸು ಪದ್ಧತಿ" ಎಂದೇ ಇಂಗ್ಲೆಂಡಿನಲ್ಲಿ ಹೆಸರಾಯಿತು.

ಈ ಕಥೆಯ ಕನ್ನಡ ಭಾಗ ನಮಗೆ ಇನ್ನೂ ಹತ್ತಿರದ್ದು. ಬಳ್ಳಾರಿ ಜಿಲ್ಲೆ ಅಂದು ಮದರಾಸಿನ ಆಡಳಿತದಲ್ಲಿತ್ತು. ಅದರ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ವಿದ್ಯಾಭ್ಯಾಸದ ಸ್ಥಿತಿಗತಿಗಳನ್ನು ವಿಚಾರಿಸಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ವರದಿ ಕಳುಹಿಸಿದರು. ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಬರೆಯಲು ಅನ್ನದ ಗಂಜಿ, ಇದ್ದಲ ಪುಡಿ ಬಳಿದ ಹಲಗೆ, ಇಲ್ಲವೇ ಗಂಜಿ ಹಾಕಿ ಮಡಿಸಿ ಕರಿಬಣ್ಣ ಬಳಿದ ಬಟ್ಟೆಯ ಕಡತ, ಮತ್ತು ಬಳಪ. ಒದ್ದೆ ಬಟ್ಟೆಯಿಂದ ಒರಸಿದರೆ ಮತ್ತೆ ಹೊಸದು. ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುವ ಕ್ರಮವನ್ನು ಕ್ಯಾಂಪ್‌ಬೆಲ್ ಮೆಚ್ಚಿ, ಇಂಗ್ಲೆಂಡ್ ಅದನ್ನು ಅನುಕರಿಸಿದ್ದು ಯೋಗ್ಯವೇ ಎಂದರು.

ಆದರೆ ಅವರು ದೋಷಗಳನ್ನು ಮರೆಮಾಡಲಿಲ್ಲ. ಆ 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60. ಇನ್ನು ಹುಡುಗರು ಪದ್ಯಗಳನ್ನು ಪುಂಖಾನುಪುಂಖವಾಗಿ ಒಪ್ಪಿಸುತ್ತಿದ್ದರೂ ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ. ಆದುದರಿಂದ ಹಳೆಯದೆಲ್ಲ ಹೊನ್ನೆಂದು ನಾನು ವಾದಿಸುತ್ತಿಲ್ಲ.

ಇಂಗ್ಲೆಂಡಿನಲ್ಲಿ ಆದದ್ದೂ ಗಮನಾರ್ಹ. ಅಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಇಂತಹುದೇ ಕ್ರಮವನ್ನು ಬೃಹತ್ತಾಗಿ ಬೆಳೆಸಿ, ಒಬ್ಬ ಉಪಾಧ್ಯಾಯನಿಂದ ಸಾವಿರ ಮಕ್ಕಳಿಗೆ ಕಲಿಸಬಹುದೆಂದರು. ವಿಶಾಲವಾದ ಹಜಾರಗಳಲ್ಲಿ ಮಕ್ಕಳು ಗಂಟೆ, ಸನ್ನೆಗಳಿಗೆ ತಕ್ಕಂತೆ ಏಳುವ, ಕೂರುವ ಯಂತ್ರಭಾಗಗಳಾದರು. ಅಗ್ಗವೆಂಬುದೇ ಗುಣವಾದಾಗ ಒಡನಾಟ ಮಾಯವಾಯಿತು. ಕೆಲವೇ ದಶಕಗಳಲ್ಲಿ ಆ ಪದ್ಧತಿ ಹಿಂದೆ ಸರಿಯಿತು.

ಅನಂತರದ ಉಪಕರಣಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1954ರಲ್ಲಿ ಬೋಧನಾ ಯಂತ್ರವೊಂದನ್ನು ತೋರಿಸಿದರು: ಪಾಠವನ್ನು ಸಣ್ಣ ಹೆಜ್ಜೆಗಳಾಗಿ ಒಡೆಯಬೇಕು, ಉತ್ತರ ಸರಿಯೋ ತಪ್ಪೋ ಎಂಬುದು ಒಡನೆ ತಿಳಿಯಬೇಕು. ಇಂದು ಮಗು ಸರಿಯಾಗಿ ಒತ್ತಿದಾಗ ನಕ್ಷತ್ರ ಮಿನುಗಿಸುವ ಆ್ಯಪ್ ಆ ಯಂತ್ರದ ಮೊಮ್ಮಗುವೇ ಸರಿ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳು ಬಂದವು. ಕರ್ನಾಟಕದ ಹಳ್ಳಿಗಳೂ ಅವುಗಳಲ್ಲಿದ್ದವು. ಆಕಾಶದಿಂದ ಬಂದ ಚಿತ್ರ ಕುತೂಹಲವನ್ನು ಕೆರಳಿಸಬಲ್ಲುದು. ಮಗುವಿನ ಪ್ರಶ್ನೆಗೆ ಮರುಪ್ರಶ್ನೆ ಹಾಕಲಾರದು.

ಈಗ ನಮ್ಮ ಮಕ್ಕಳ ಸಂಗತಿ. ಶಾಲೆಯಲ್ಲಿ ಮೊದಲು ತಮಿಳು ಲಿಪಿ ಕಲಿತ ಮಗುವಿಗೆ ಕ, ಖ, ಗ, ಘ ಎಂಬ ನಾಲ್ಕಕ್ಕೂ ಒಂದೇ ಅಕ್ಷರ ಸಾಕಾಗಿರುತ್ತದೆ. ಕನ್ನಡಕ್ಕೆ ಬಂದಾಗ ಮಹಾಪ್ರಾಣದ ಮುಂದೆ ತಬ್ಬಿಬ್ಬಾಗುತ್ತದೆ. ಒತ್ತಕ್ಷರದ ಬುಡದಲ್ಲಿ ಎಡವುತ್ತದೆ. ಕನ್ನಡವನ್ನು ಉಸಿರಿನಂತೆ ಕಲಿತ ನಮ್ಮಂತಹ ಹಿರಿಯರಿಗೆ ಈ ತೊಡಕು ಕಾಣುವುದೇ ಇಲ್ಲ, ಬೇಸರದಿಂದ ಗದರುತ್ತೇವೆ. ಎರಡು ವರ್ಷ ಹಿಂದೆ ಅದೇ ಜಾಗದಲ್ಲಿ ಎಡವಿ ಎದ್ದ ಹನ್ನೆರಡರ ಬಾಲಕಿಗೆ ಅದು ಚೆನ್ನಾಗಿ ಗೊತ್ತು. ಮದರಾಸು ಪದ್ಧತಿಯ ತಿರುಳು ಇಷ್ಟೇ.

ಈ ಸಂಚಿಕೆಯಲ್ಲಿ ಆರೋಗ್ಯದ ಲೇಖನಗಳಿರುವುದರಿಂದ ಒಂದು ಹೋಲಿಕೆ ಹೇಳಬಹುದು. ಮದ್ದಿನ ಸೀಸೆ ಮನೆಯಲ್ಲಿದ್ದ ಮಾತ್ರಕ್ಕೆ ರೋಗ ವಾಸಿಯಾಗದು. ಹೊತ್ತು ಹೊತ್ತಿಗೆ ಕೊಟ್ಟು, ಗುಣವಾಯಿತೇ ಎಂದು ನೋಡುವವರು ಬೇಕು. ಆ್ಯಪ್ ಇರಲಿ, ಉಚ್ಚಾರಣೆ ಕೇಳಿಸಲು ಅದು ಒದಗುತ್ತದೆ. ಆದರೆ ಅದು ಬಳಪದ ಸ್ಥಾನದಲ್ಲಿರಲಿ, ಗುರುವಿನ ಸ್ಥಾನದಲ್ಲಿ ಬೇಡ.

ಬಂಧುಗಳಲ್ಲಿ ನನ್ನ ಸೂಚನೆ ಸರಳವಾದುದು. ವಾರಕ್ಕೊಂದು ಗಂಟೆ, ಯಾರಾದರೊಬ್ಬರ ಮನೆಯ ಜಗಲಿಯಲ್ಲಿ ಅಥವಾ ಮಹಡಿಯ ವರಾಂಡದಲ್ಲಿ, ಕನ್ನಡ ಓದಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ ಮೂವರು ಚಿಕ್ಕವರಿಗೆ ಕಲಿಸಲಿ. ಹಿರಿಯರು ಒಬ್ಬರು ಜೊತೆಗಿದ್ದು, ಓದಿದ್ದರ ಅರ್ಥವನ್ನು ಕೇಳಲಿ. ಗಿಳಿಪಾಠವಾಗದಂತೆ ಕಾಯುವುದೇ ಅವರ ಕೆಲಸ. ಖರ್ಚೆಂದರೆ ಒಂದು ಸ್ಲೇಟು, ಒಂದಿಷ್ಟು ತಾಳ್ಮೆ. ಕಲಿಸುವ ಮಗುವಿಗೂ ಕನ್ನಡ ಇನ್ನೊಮ್ಮೆ ದಕ್ಕುತ್ತದೆ. ಮದರಾಸು ಒಮ್ಮೆ ದೂರದ ದೇಶಕ್ಕೆ ಕೊಟ್ಟ ಪಾಠವನ್ನು, ಇಲ್ಲಿಯೇ ನೆಲೆಸಿರುವ ನಾವು ನಮ್ಮ ಮಕ್ಕಳಿಗಾಗಿ ಮರಳಿ ಪಡೆಯಬಾರದೇಕೆ?