ಉಬ್ಬಿದ ಎದೆಗೆ ಬ್ರೇಸ್: ಮಗುವನ್ನೂ ಒಂದು ಮಾತು ಕೇಳಿ

ಹೋದ ವಾರದ ಪೋಸ್ಟ್ ಓದಿ ಊರಿಂದ ಇಬ್ಬರು ಅಕ್ಕಂದಿರು ಒಂದೇ ಪ್ರಶ್ನೆ ಕಳಿಸಿದ್ದಾರೆ: "ಮಗನ ಎದೆ ಮುಂದಕ್ಕೆ ಉಬ್ತಾ ಇದೆ, ದೊಡ್ಡವನಾದ್ರೆ ಸರಿಹೋಗುತ್ತಲ್ವಾ?" ಇಬ್ಬರಿಗೂ ಇಲ್ಲೇ ಹೇಳ್ತೀನಿ. ಸಾಮಾನ್ಯವಾಗಿ ಹೋಗಲ್ಲ. 11ರಿಂದ 14 ವಯಸ್ಸಿನ ಸುಮಾರಿಗೆ ಮಕ್ಕಳು ಸರಸರ ಉದ್ದ ಆಗ್ತಾರಲ್ಲ, ಆಗ ಇನ್ನೂ ಎದ್ದು ಕಾಣುತ್ತೆ.

ಇದಕ್ಕೆ ಪೆಕ್ಟಸ್ ಕ್ಯಾರಿನೇಟಮ್ ಅಂತಾರೆ. ಪಕ್ಕೆಲುಬನ್ನ ಎದೆಯ ನಡುಮೂಳೆಗೆ ಸೇರಿಸೋ ಮೆದು ಎಲುಬು ಅಡ್ಡಾದಿಡ್ಡಿ ಬೆಳೆದು ಮೂಳೆ ಮುಂದಕ್ಕೆ ಬರುತ್ತೆ. ಗಂಡುಮಕ್ಕಳಲ್ಲಿ ಜಾಸ್ತಿ. (ಹೆಣ್ಣುಮಕ್ಕಳಿಗೂ ಬರುತ್ತೆ, ದುಪಟ್ಟಾದಡಿ ಯಾರ ಕಣ್ಣಿಗೂ ಬೀಳಲ್ಲ ಅಷ್ಟೆ.) ಬಸುರಲ್ಲಿ ತಾಯಿ ಏನೋ ತಿಂದಳು ಅಂತ ಬಂದದ್ದಲ್ಲ, ದಯವಿಟ್ಟು ಆ ಮಾತು ಬಿಡಿ. ಎಲುಬು ಇನ್ನೂ ಬಾಗೋ ವಯಸ್ಸಲ್ಲಿ ಬ್ರೇಸ್ ಹಾಕಿ ಮುಂದಿಂದ ಒತ್ತಿದ್ರೆ, ಎಷ್ಟೋ ಮಕ್ಕಳಿಗೆ ಆಪರೇಷನ್ ಇಲ್ಲದೇ ತಗ್ಗುತ್ತೆ. ಹಲ್ಲಿಗೆ ಕ್ಲಿಪ್ ಹಾಕಿಸ್ತೀವಲ್ಲ, ಹಂಗೆ.

"ಬರೀ ನೋಟಕ್ಕೆ ತಾನೇ?" ಅನ್ನೋರು ಇಲ್ಲಿ ಇಂಗ್ಲೆಂಡಲ್ಲೂ ಇದ್ದಾರೆ. ಹೆಚ್ಚಿನ ಮಕ್ಕಳ ಉಸಿರಿಗೆ, ಹೃದಯಕ್ಕೆ ತೊಂದರೆ ಇರಲ್ಲ, ನಿಜ. ಆದ್ರೆ ಗೆಳೆಯರೆಲ್ಲ ಕೆರೆಗೆ ಹಾರುವಾಗ ಶರ್ಟ್ ಬಿಚ್ಚದೆ ದಡದಲ್ಲೇ ಕೂರೋ ಹುಡುಗನ ಮುಂದೆ ಆ "ಬರೀ" ಅನ್ನೋ ಮಾತು ಆಡಿ ನೋಡಿ. ನನಗಂತೂ ಬಾಯಿ ಬರಲ್ಲ.

ಹಾಗಂತ ಅಪ್ಪ ಅಮ್ಮನ ಆಸೆಗೆ ಬ್ರೇಸ್ ಕಟ್ಟಬೇಡಿ. ಶುರುವಲ್ಲಿ ದಿನದ ಹೆಚ್ಚಿನ ಹೊತ್ತು, ರಾತ್ರಿ ಮಲಗುವಾಗಲೂ ಹಾಕಿರಬೇಕು. ಅದೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷ ದಾಟುತ್ತೆ. ನಮ್ಮೂರ ಏಪ್ರಿಲ್ ಸೆಕೆಯಲ್ಲಿ ಅದು ಸಣ್ಣ ಮಾತಲ್ಲ. ಚಿಕಿತ್ಸೆ ಸೋಲೋದು ಹೆಚ್ಚಾಗಿ ಮಕ್ಕಳು ಅದನ್ನ ಹಾಕ್ಕೊಳ್ಳದೆ ಬಿಡೋದ್ರಿಂದ. ಬೀರುವಿನಲ್ಲಿಟ್ಟ ಬ್ರೇಸ್ ಯಾವ ಎದೆಯನ್ನೂ ಒತ್ತಲ್ಲ. ಹುಡುಗ "ನಂಗೇನೂ ಅನ್ಸಲ್ಲ" ಅಂತ ಆರಾಮಾಗಿ ಆಡ್ಕೊಂಡಿದ್ರೆ, ಮುಂದೆ ಮದುವೆಗೆ ಹೆಣ್ಣು ಸಿಗಲ್ಲ ಅಂತ ಹೆದರಿಸಿ ಕಟ್ಟಿಸೋದು ನನಗೆ ಸರಿ ಕಾಣಲ್ಲ. ಅವನಿಗೆ ಬೇಕು ಅನ್ಸಿದ್ರೆ ಮಾತ್ರ ತಡ ಮಾಡಬೇಡಿ. ಬೆಳವಣಿಗೆ ಮುಗಿದು ಎಲುಬು ಬಿಗಿಯಾದಷ್ಟೂ ಬ್ರೇಸ್ ಕೆಲಸ ಮಾಡೋದು ಕಷ್ಟ.

ಮೊದಲು ಮಕ್ಕಳ ಸರ್ಜನ್‌ಗೆ ತೋರಿಸಿ. ಬೆನ್ನುಮೂಳೆ, ಹೃದಯ, ವಿಟಮಿನ್ ಡಿ ಕೊರತೆ ಎಲ್ಲಾ ಅವರೇ ನೋಡ್ತಾರೆ. ಆನ್‌ಲೈನ್ ಬೆಲ್ಟ್ ತರಿಸಬೇಡಿ, ಅಳತೆ ತಗೊಂಡೇ ಮಾಡಿಸಬೇಕು. ಹಾಕಿದ ಮೇಲೆ ದಿನಾ ಚರ್ಮ ನೋಡಿ. ಬಿಚ್ಚಿದ ಮೇಲೂ ಕೆಂಪು ಇಳೀದೇ ಇದ್ರೆ, ಚರ್ಮ ಕಿತ್ತಿದ್ರೆ, ಅವತ್ತು ಹಾಕದೆ ಡಾಕ್ಟರಿಗೆ ಫೋನ್ ಮಾಡಿ.